ಅಕ್ಕನ ಪೆಟ್ಟಿಗೆಯ ಗುಂಡಿಗಳು

ರಿಪೇರಿ ಅಂಗಡಿಯವನು ಹೇಳಿದ್ದು ಆರು ಸಾವಿರ. ಹನ್ನೆರಡು ಗುಂಡಿಗೆ ಆರು ಸಾವಿರ ಅಂದರೆ ಒಂದೊಂದಕ್ಕೆ ಐನೂರು. ಬಿಡಿಭಾಗದ ಅಂಗಡಿಯಲ್ಲಿ ಗುಂಡಿಯೊಳಗಿನ ಸ್ವಿಚ್ಚಿಗೆ ಬರೀ ನಾಲ್ಕು. ಹನ್ನೆರಡಕ್ಕೆ ನಲವತ್ತೆಂಟು, ಕೈತಪ್ಪಿ ಹಾಳಾದರೆ ಇರಲಿ ಅಂತ ಇನ್ನೆರಡು ತಗೊಂಡರೆ ಐವತ್ತಾರು. ಬೆಸುಗೆ ತಂತಿ ಅರವತ್ತು, ಸ್ಪಿರಿಟ್ ಬಾಟಲಿ ಮೂವತ್ತೈದು. ಉಜ್ಜಲು ಹಳೇ ಹಲ್ಲಿನ ಬ್ರಷ್ಷು ಮನೆಯಲ್ಲೇ ಇತ್ತು. ಒಟ್ಟು ನೂರೈವತ್ತೊಂದು.

"ಗುಂಡಿ ಬದಲಾಯಿಸೋಕೆ ಆರು ಸಾವಿರ! ಅದೂ ನಾನು ಇರುವಾಗ!" ಅಂದ ಮೇಸ್ತ್ರಿ.

ಅವನು ಲಿಫ್ಟ್ ರಿಪೇರಿಯವನು. ಇಪ್ಪತ್ತೆಂಟು ವರ್ಷದಿಂದ ಅದೇ ಕೆಲಸ. ಜನ ಲಿಫ್ಟಿನ ಗುಂಡಿಯನ್ನು ಒತ್ತುವುದಿಲ್ಲ, ಗುದ್ದುತ್ತಾರೆ. ಹತ್ತು ಸಲ ಗುದ್ದಿದರೆ ಹತ್ತು ಪಟ್ಟು ಬೇಗ ಬರುತ್ತದೆ ಅನ್ನುವ ಹಾಗೆ. ಅಂಥ ಗುದ್ದು ತಿಂದು ಸತ್ತ ಗುಂಡಿಗಳನ್ನು ಅವನು ಸಾವಿರಗಟ್ಟಲೆ ಬದಲಾಯಿಸಿದ್ದ.

ಈಗ ಕೆಟ್ಟಿದ್ದು ಅವನ ಅಕ್ಕನ ತಾಳದ ಪೆಟ್ಟಿಗೆ. ಹಳೇ ಎಲೆಕ್ಟ್ರಾನಿಕ್ ಪೆಟ್ಟಿಗೆ ಅದು. ದಪ್ಪ ನಿಘಂಟಿನಷ್ಟು ಗಾತ್ರ. ಒಂದು ಗುಂಡಿ ಒತ್ತಿದರೆ ದೊಡ್ಡ ಡ್ರಮ್ಮು, ಇನ್ನೊಂದಕ್ಕೆ ಸಣ್ಣದು, ಮತ್ತೊಂದಕ್ಕೆ ತಟ್ಟೆಯ ಝಣ್. ಬೆರಳಿನಿಂದ ಬಾರಿಸಿದ್ದನ್ನು ನೆನಪಿಟ್ಟುಕೊಂಡು ಮತ್ತೆ ಮತ್ತೆ ನುಡಿಸುತ್ತಿತ್ತು. ಶುಕ್ರವಾರ, ಶನಿವಾರ ಸಂಜೆ ಒಂದು ಹೋಟೆಲಿನ ಊಟದ ಕೋಣೆಯಲ್ಲಿ ಭಾವ ಕೀಬೋರ್ಡ್ ನುಡಿಸುತ್ತ ಹಾಡುತ್ತಿದ್ದರು. ಅಕ್ಕ ಪಕ್ಕದ ಸ್ಟೂಲಿನ ಮೇಲೆ ಕೂತು ಪೆಟ್ಟಿಗೆ ನೋಡಿಕೊಳ್ಳುತ್ತಿದ್ದಳು. ಇಪ್ಪತ್ತೆರಡು ವರ್ಷದಲ್ಲಿ ಅವಳು ಅದರೊಳಗೆ ನಲವತ್ತೊಂದು ತಾಳ ತುಂಬಿದ್ದಳು. ಪೆಟ್ಟುಗಳನ್ನು ತಾನೇ ತಿದ್ದಿ ಅಳತೆಗೆ ಸರಿಯಾಗಿ ಕೂರಿಸುವ ಒಂದು ವ್ಯವಸ್ಥೆ ಪೆಟ್ಟಿಗೆಯಲ್ಲಿತ್ತು. ಪೆಟ್ಟಿಗೆ ಕೊಂಡ ದಿನವೇ ಅಕ್ಕ ಅದನ್ನು ಆಫ್ ಮಾಡಿಟ್ಟಿದ್ದಳು. "ಅದು ಹಾಕಿದ್ರೆ ಹಾಡು ಕವಾಯತು ಮಾಡುತ್ತೆ" ಅನ್ನುತ್ತಿದ್ದಳು.

ಎರಡು ವರ್ಷದ ಹಿಂದೆ ಅಕ್ಕನಿಗೆ ಪಾರ್ಶ್ವವಾಯು ಹೊಡೆಯಿತು. ಮಾತು ತಿರುಗಿ ಬಂತು, ಕಾಲೂ ಬಂತು, ಬಲಗೈ ಬರಲಿಲ್ಲ. ಎಡಗೈ ತಾಳ ಬಾರಿಸುವಷ್ಟು ಕಲಿಯಲಿಲ್ಲ, ಆದರೆ ಗುಂಡಿ ಒತ್ತುವುದಕ್ಕೆ ಸಾಕಿತ್ತು. ಅಂಕಿ ಒತ್ತಿ ಶುರುವಿನ ಗುಂಡಿ ಒತ್ತಿದರೆ ಆಯಿತು, ಅವಳ ಬಲಗೈ ನೆಟ್ಟಗಿದ್ದಾಗ ಬಾರಿಸಿದ್ದು ಪೆಟ್ಟಿಗೆಯಿಂದ ಹೊರಬರುತ್ತಿತ್ತು. ಹಾಗಾಗಿ ಸ್ಟೂಲು ಅವಳದೇ ಆಗಿ ಉಳಿದಿತ್ತು. ಈಚೆಗೆ ಶುರುವಿನ ಗುಂಡಿಯೇ ಮೂರು ಸಲ ಒತ್ತಿದರೆ ಒಂದು ಸಲ ಕೇಳುತ್ತಿತ್ತು. ಭಾವ ಹಾಡು ಎತ್ತಿಕೊಂಡು ಬಾಯಿ ತೆರೆದುಕೊಂಡೇ ಕಾಯಬೇಕು. ಊಟಕ್ಕೆ ಬಂದವರು ನಗುತ್ತಿದ್ದರು.

ಮೇಸ್ತ್ರಿ ಪೆಟ್ಟಿಗೆಯನ್ನು ಮನೆಗೆ ಒಯ್ಯುವಾಗ ಭಾವ ಹೇಳಿದ್ದರು: "ಭಾನುವಾರದ ತನಕ ಬಿಚ್ಚಬೇಡ ಮಾರಾಯ. ನನ್ನ ಗೆಳೆಯನ ಹತ್ರ ಟೇಪ್ ರೆಕಾರ್ಡರ್ ಇದೆ. ಮೊದಲು ತಾಳ ಎಲ್ಲಾ ಒಂದು ಕ್ಯಾಸೆಟ್ಟಿಗೆ ಇಳಿಸಿಡೋಣ. ಹೆಚ್ಚುಕಮ್ಮಿ ಆದ್ರೆ ಅದರಿಂದ ಪೆಟ್ಟಿಗೆ ತಾನೇ ತಿರುಗಿ ತುಂಬ್ಕೊಳ್ಳುತ್ತೆ."

"ಭಾವ, ಕಾಲಿಗೆ ಮುಳ್ಳು ಚುಚ್ಚಿದ್ರೆ ತಲೆಗೆ ಯಾಕೆ ಪಟ್ಟಿ ಕಟ್ತೀರಿ? ನಾನು ಮುಟ್ಟೋದು ಗುಂಡಿ ಮಾತ್ರ."

"ಆದ್ರೂ..."

"ಆಯ್ತು, ಆಯ್ತು" ಅಂದ. ಕಿವಿಗೆ ಹಾಕಿಕೊಂಡಿರಲಿಲ್ಲ. ಗುರುವಾರ ಅವನಿಗೆ ರಜೆ. ಶುಕ್ರವಾರದ ಹಾಡಿಗೇ ಪೆಟ್ಟಿಗೆ ಕೊಟ್ಟು ಅಕ್ಕನ ಬಾಯಿಂದ ಒಂದು ಶಹಬ್ಬಾಸ್ ಗಿಟ್ಟಿಸಬೇಕು ಅನ್ನುವುದು ಅವನ ಆಸೆ. ಚಿಕ್ಕಂದಿನಿಂದ ಅಕ್ಕ ಹೊಗಳಿಕೆಯಲ್ಲಿ ಬಲು ಬಿಗಿ.

ಗುರುವಾರ ತಿಂಡಿ ಮುಗಿಸಿ ಕಿಟಕಿ ಪಕ್ಕದ ಮೇಜಿನ ಮೇಲೆ ಹಳೇ ಪೇಪರ್ ಹಾಸಿದ. ಎಂಟು ಸ್ಕ್ರೂ ಬಿಚ್ಚಿ, ಯಾವುದು ಎಲ್ಲಿಯದು ಅಂತ ಪೇಪರಿನ ಮೇಲೇ ಗೀಚಿಟ್ಟ. ಒಳಗೆ ಹಸಿರು ಹಲಗೆ. ಮೂಲೆಯಲ್ಲಿ ಬಿಲ್ಲೆಯಂಥ ಒಂದು ಪುಟ್ಟ ಬ್ಯಾಟರಿ, ಎರಡು ಕಡೆ ಬೆಸುಗೆ ಹಾಕಿದ್ದು.

ಮೇಸ್ತ್ರಿಗೆ ಕೆಲಸ ಕಲಿಸಿದವರು ಮೊದಲ ದಿನ ಕಲಿಸಿದ್ದು ಒಂದೇ ಪಾಠ: ಕೈ ಇಡುವ ಮೊದಲು ಎಲ್ಲ ಕಡೆಯ ಕರೆಂಟೂ ತೆಗಿ. ದೊಡ್ಡ ಸ್ವಿಚ್ ಆರಿಸಿದರೆ ಸಾಲದು, ಎಲ್ಲಾದರೂ ಬ್ಯಾಟರಿ ಕೂತಿದೆಯಾ ನೋಡು. ಅದನ್ನು ಮರೆತ ಜೊತೆಗಾರನೊಬ್ಬ ಎರಡು ಬೆರಳು ಕಳೆದುಕೊಂಡಿದ್ದನ್ನು ಅವನು ಕಣ್ಣಾರೆ ಕಂಡಿದ್ದ. ಅಂದಿನಿಂದ ಇಪ್ಪತ್ತೆಂಟು ವರ್ಷ ಒಂದು ದಿನವೂ ಆ ಪಾಠ ತಪ್ಪಿದವನಲ್ಲ. ಇಲ್ಲೂ ತಪ್ಪಲಿಲ್ಲ. ಬ್ಯಾಟರಿಯ ಬೆಸುಗೆ ಕರಗಿಸಿ, ಚಿಮಟದಲ್ಲಿ ಎತ್ತಿ, ಪೇಪರಿನ ಮೇಲಿಟ್ಟ. ಆಮೇಲೇ ನೆಮ್ಮದಿಯಿಂದ ಗುಂಡಿಗೆ ಕೈ ಹಾಕಿದ್ದು.

ಕೆಲಸ ಮಾತ್ರ ಅಚ್ಚುಕಟ್ಟು. ಹಳೇ ಬೆಸುಗೆ ಹೀರಿ ತೆಗೆದ, ಸ್ಪಿರಿಟ್ ಹಾಕಿ ಉಜ್ಜಿದ, ಹೊಸ ಸ್ವಿಚ್ಚುಗಳ ಎತ್ತರ ಹಳೆಯದಕ್ಕೆ ಸಮ ಇದೆಯಾ ಅಂತ ಒಂದೊಂದನ್ನೂ ಅಳೆದು ಕೂರಿಸಿದ. ಬ್ಯಾಟರಿಯೂ ಹಳತಾಗಿದೆ ಅಂತ ಮೂಲೆ ಅಂಗಡಿಗೆ ಹೋಗಿ ಹೊಸದು ತಂದು ಹಾಕಿದ. ಮಧ್ಯಾಹ್ನ ಮುಚ್ಚಳ ಮುಚ್ಚಿ ಒತ್ತಿ ನೋಡಿದರೆ ಹನ್ನೆರಡೂ ಗುಂಡಿ ಬೆರಳು ಸೋಕಿದರೆ ಸಾಕು, ದುಮ್, ಟಕ್, ಝಣ್! ಶುರುವಿನ ಗುಂಡಿಗೆ ದೀಪವೂ ಹತ್ತಿತು, ತಾಳ ಹಾಕಿ ನೋಡುವುದು ಅಕ್ಕನಿಗೇ ಇರಲಿ ಅಂದುಕೊಂಡ. ತನ್ನ ಬೆನ್ನನ್ನು ತಾನೇ ತಟ್ಟಿಕೊಳ್ಳುವ ಹಾಗಿತ್ತು.

ಸಂಜೆ ಅಕ್ಕನ ಮನೆಗೆ ಒಯ್ದ. ಅಕ್ಕ ಎಡಗೈಯಿಂದ ಏಳು ಒತ್ತಿದಳು, ಶುರು ಒತ್ತಿದಳು. ಕೆಂಪು ದೀಪ ಮಿಣಮಿಣ ಅಂದಿತು. ಸದ್ದಿಲ್ಲ.

"ಕೆಟ್ಟೇ ಇದೆಯಲ್ಲೋ ಇದು."

"ಗಟ್ಟಿಯಾಗಿ ಒತ್ತಬೇಡಕ್ಕ, ಹೊಸದು. ಮೆತ್ತಗೆ."

"ಲಿಫ್ಟ್ ಗುಂಡಿ ಅಲ್ಲ ಇದು, ಒತ್ತೋದು ನನಗೆ ಗೊತ್ತು." ಹನ್ನೊಂದು ಒತ್ತಿದಳು. ಮೂವತ್ತು ಒತ್ತಿದಳು. ದೀಪ ಓಡುತ್ತಿತ್ತು, ಅಷ್ಟೇ.

ಭಾವ ಕನ್ನಡಕ ಏರಿಸಿ ಪೆಟ್ಟಿಗೆಯ ಪುಟ್ಟ ಪರದೆ ನೋಡಿದರು. ಒಂದೊಂದೇ ಅಂಕಿ ದಾಟಿಸುತ್ತ ನಲವತ್ತೊಂದರ ತನಕ ಹೋದರು. ಆಮೇಲೆ ಕೇಳಿದರು, "ಒಳಗೆ ಬ್ಯಾಟರಿ ಮುಟ್ಟಿದ್ಯಾ?"

"ಹೊಸದು ಹಾಕಿದ್ದೀನಿ ಭಾವ, ಇನ್ನು ಇಪ್ಪತ್ತು ವರ್ಷ..." ಅಷ್ಟು ಹೇಳುವಾಗಲೇ ಅವರ ಮುಖ ನೋಡಿ ಪೆಟ್ಟಿಗೆಯನ್ನು ತನ್ನ ಕಡೆಗೆ ತಿರುಗಿಸಿಕೊಂಡ.

"ಪೆಟ್ಟಿಗೆಯ ನೆನಪೆಲ್ಲ ಆ ಬ್ಯಾಟರಿ ಮೇಲೇ ನಿಂತಿತ್ತು ಕಣೋ."

ಅಕ್ಕ ಬಯ್ಯಲಿಲ್ಲ. ಬೈದಿದ್ದರೆ ಅವನಿಗೆ ಎಷ್ಟೋ ಹಗುರಾಗುತ್ತಿತ್ತು. ಏಳನ್ನು ಮತ್ತೊಮ್ಮೆ ಒತ್ತಿ ನೋಡಿದಳು. "ಎಲ್ಲಾನೂ?" ಅಂದಳು.

"ಎಲ್ಲಾನೂ" ಅಂದರು ಭಾವ.

ಮರುದಿನ ಹಾಡಬೇಕಿತ್ತು. ಭಾವನ ಕೀಬೋರ್ಡಿನಲ್ಲೇ ಸಿದ್ಧ ತಾಳಗಳು ನೂರಿದ್ದವು. ಅಕ್ಕನಿಗಾಗಿ ಅವರು ಅವನ್ನು ಮುಟ್ಟಿರಲಿಲ್ಲ. "ಸದ್ಯಕ್ಕೆ ಅದರಲ್ಲೇ ಸುಧಾರಿಸೋಣ. ನೀನು ಬಂದು ಕೂತ್ಕೋ" ಅಂದರು.

"ಕೂತು ಏನು ಮಾಡ್ಲಿ? ನಿಮಗೆ ನೀರು ಕೊಡ್ಲಾ?" ಅಂದಳು ಅಕ್ಕ. ಆ ಶುಕ್ರವಾರ ಭಾವ ಒಬ್ಬರೇ ಹೋದರು.

ಮೇಸ್ತ್ರಿ ಸುಮ್ಮನೆ ಕೂರುವವನಲ್ಲ. ಭಾನುವಾರ ಬೆಳಗ್ಗೆಯೇ ಹೋಗಿ, "ನೀನು ಬಾಯಲ್ಲಿ ಹೇಳಕ್ಕ, ನಾನು ಒತ್ತುತೀನಿ. ತಿರುಗಿ ತುಂಬೋಣ" ಅಂದ. ಅಕ್ಕ ಕಣ್ಣು ಮುಚ್ಚಿ, ಮಂಡಿಯ ಮೇಲೆ ಎಡಗೈ ತಟ್ಟುತ್ತ ಹೇಳಿದಳು. ಅವನು ಒತ್ತಿದ.

"ಮೂರನೇದು ಸ್ವಲ್ಪ ತಡ."

ತಡಮಾಡಿ ಒತ್ತಿದ.

"ಅಷ್ಟಲ್ಲ. ಬರುತ್ತೋ ಇಲ್ವೋ ಅಂತ ಕೇಳುವವನ ಎದೆಯಲ್ಲಿ ಒಂದು ಅನುಮಾನ ಬರಬೇಕು, ಅಷ್ಟರಲ್ಲಿ ಬಂದುಬಿಡಬೇಕು."

ಇಪ್ಪತ್ತು ಸಲ ಒತ್ತಿದ. ಹಣೆಯಲ್ಲಿ ಬೆವರೊಡೆಯಿತು. ಅಕ್ಕ ಕಣ್ಣು ತೆರೆದು ನಕ್ಕಳು. "ನಿನ್ನ ತಾಳ ಲಿಫ್ಟ್ ಇದ್ದ ಹಾಗೇ ಇದೆ ಕಣೋ. ಪ್ರತಿ ಮಹಡಿಗೂ ಸರಿಯಾಗಿ ನಿಲ್ಲುತ್ತೆ. ತಪ್ಪು ನಿಂದಲ್ಲ, ನಿನ್ನ ಕೈ ಕಲಿತಿರೋದೇ ಹಾಗೆ."

ಆ ಮಾತು ಸಮಾಧಾನಕ್ಕೆ ಹೇಳಿದ್ದು. ಆದರೆ ಹೊಸ ಗುಂಡಿಗಳ ಮೇಲೆ ಬೆರಳಿಟ್ಟುಕೊಂಡು ಅವನು ತಲೆ ಎತ್ತಲಿಲ್ಲ. ಬಿಚ್ಚಬೇಡ ಅಂದವರ ಮಾತಿಗೆ ಮೂರು ದಿನ ಕಾದಿದ್ದರೆ ಸಾಕಿತ್ತು. ಕಾಯುವುದಕ್ಕೆ ಖರ್ಚೇನೂ ಇರಲಿಲ್ಲ.

"ಅಕ್ಕ, ಭಾವ ಹೇಳಿದ್ರು. ನಾನೇ ಕೇಳಲಿಲ್ಲ."

"ಗೊತ್ತು. ಅದನ್ನ ನನಗೆ ಯಾರೂ ಹೇಳ್ಬೇಕಾಗಿರ್ಲಿಲ್ಲ. ನಿನ್ನನ್ನು ಎತ್ತಿ ಆಡಿಸಿದವಳು ನಾನು. ಸರಿ, ಮುಂದಿನದು ಒತ್ತು."

ನಾಲ್ಕು ಭಾನುವಾರ ಕೂತರು. ಮೂರು ತಾಳ ಹತ್ತಿರ ಹತ್ತಿರ ಬಂದವು. ಐದನೇ ಭಾನುವಾರ ಅಕ್ಕ ಪೆಟ್ಟಿಗೆಯನ್ನು ಬೀರುವಿನಿಂದ ತೆಗೆಯಲೇ ಇಲ್ಲ, ಅವನೂ ಕೇಳಲಿಲ್ಲ. ಹೋಟೆಲಿನವರು ಆ ಸ್ಟೂಲನ್ನು ಬೇರೆ ಮೇಜಿಗೆ ಹಾಕಿಕೊಂಡರು. ಗುಂಡಿಗಳು ಹನ್ನೆರಡೂ ಸರಿಯಾಗಿವೆ. ನಲವತ್ತೊಂದು ತಾಳದಲ್ಲಿ ಮೂವತ್ತೆಂಟು ಹೋದವು, ಮತ್ತೆ ಬರುವುದಿಲ್ಲ. ಅಕ್ಕ ಆಮೇಲೆ ಒಂದು ದಿನವೂ ಹಾಡಿಗೆ ಹೋಗಲಿಲ್ಲ.