ಲಾಡಸಾಬರಿಗೆ ನೇಯ್ದ ಶಲ್ಯ

ಬೆಟಗೇರಿಯ ಗವಿಸಿದ್ದೇಶ ತಂಬೂರಿಯ ತಂತಿಯನ್ನು ಒಮ್ಮೆ ಮೀಟಿದರೆ ಸಾಕು, ಕಪ್ಪತಗುಡ್ಡದ ನವಿಲುಗಳೆಲ್ಲ ಬಸ್ಸಿಗೂ ಕಾಯದೆ ಹಾರಿ ಬಂದು ವೇದಿಕೆಯ ಮುಂದೆ ಸಾಲು ಹಿಡಿದು ಕೂರುತ್ತಿದ್ದವು. ಒಂದಲ್ಲ ಎರಡಲ್ಲ, ನಾಲ್ಕು ಸಾವಿರ. ಗಂಡು ನವಿಲು ಒಂದು ಕಡೆ, ಹೆಣ್ಣು ಇನ್ನೊಂದು ಕಡೆ. ಗಾಯನ ಮುಗಿಯುವ ತನಕ ಒಂದು ನವಿಲೂ ಕೆಮ್ಮುತ್ತಿರಲಿಲ್ಲ. ನೋಡಿದವರು ಯಾರು ಎಂದರೆ, ಗವಿಸಿದ್ದೇಶನೇ ನೋಡಿದ್ದ. ಅವನಿಗಿಂತ ಒಳ್ಳೆಯ ಸಾಕ್ಷಿಯನ್ನು ಎಲ್ಲಿಂದ ತರುವುದು?

ಹಗಲು ಅವನು ಪೆಂಡಾಲ್ ಅಂಗಡಿಯಲ್ಲಿ ದುಡಿಯುತ್ತಿದ್ದ. ಅದು ಹೊಟ್ಟೆಪಾಡು. ಖರೆ ಕೆಲಸವೆಂದರೆ ಲಕ್ಷ್ಮೇಶ್ವರದ ಹಾಡುಗಾರ ಲಾಡಸಾಬರ ಹಿಂದೆ ಕೂತು ತಂಬೂರಿ ನುಡಿಸುವುದು. ಅವನು ಬಂದು ಕೂರುವ ತನಕ ಲಾಡಸಾಬರು ಗಂಟಲು ಸಹ ಸರಿಮಾಡಿಕೊಳ್ಳುತ್ತಿರಲಿಲ್ಲ. ಹೆಂಡತಿ ಸಾವಕ್ಕ ಮಗ್ಗದ ಕುಣಿಯಲ್ಲಿ ಕಾಲು ಇಳಿಬಿಟ್ಟುಕೊಂಡು ಇಪ್ಪತ್ತೈದು ವರ್ಷ ಇದನ್ನು ಕೇಳಿದ್ದಳು. ಒಮ್ಮೆಯೂ ಕಣ್ಣಾರೆ ಕಂಡಿರಲಿಲ್ಲ. "ಮನಿ ಮಂದಿ ಮುಂದ ಕುಂತ್ರ ನನ್ನ ಶ್ರುತಿ ತಪ್ಪತೈತಿ" ಎಂದು ಅವನು ಲಗ್ನವಾದ ವರ್ಷವೇ ಹೇಳಿಬಿಟ್ಟಿದ್ದ.

ಇದನ್ನು ನಂಬದೆ ಅವಳಿಗೆ ಗತಿಯೂ ಇರಲಿಲ್ಲ. ಆರು ವರ್ಷದ ಹಿಂದೆ ಶ್ರಾವಣದಲ್ಲಿ ಅವಳ ಅವ್ವ ನೀಲಗಂಗವ್ವ ಮುಂಡರಗಿಯಲ್ಲಿ ತೀರಿಕೊಂಡಳು. ಗಂಡುಮಕ್ಕಳಿಲ್ಲದ ಮನೆ, ಹೆಗಲು ಕೊಡಬೇಕಾದವನು ಅಳಿಯ. ಅಳಿಯ ಮಣ್ಣಿಗೆ ಬರಲೇ ಇಲ್ಲ. ಲಕ್ಷ್ಮೇಶ್ವರದಲ್ಲಿ ಲಾಡಸಾಬರು ಹಾಡುತ್ತಿದ್ದರು, ರಾಗದ ನಡುವೆ ತಂಬೂರಿ ಬಿಟ್ಟು ಏಳುವುದು ಏಳು ಜನ್ಮದ ಪಾಪ ಎಂದು ಮರುದಿನ ಬಂದು ಹೇಳಿದ. ಸಾವಕ್ಕ ಮೂರು ತಿಂಗಳು ಮಾತು ಬಿಟ್ಟಳು. ಆಮೇಲೆ, ಹಾಡಿಗಾಗಿ ತಾನೆ, ಕುಡಿತಕ್ಕಲ್ಲವಲ್ಲ ಎಂದು ಕ್ಷಮಿಸಿದಳು. ಗವಿಸಿದ್ದೇಶನ ಸಂಸಾರ ನಿಂತಿದ್ದು ಆ ಕ್ಷಮೆಯೊಂದರ ಮೇಲೆ.

ಅದಕ್ಕೇ ಆ ಭಾನುವಾರ ಸಂಜೆ ಮಗಳು ವಿದ್ಯಾಶ್ರೀ ಬಾಗಿಲಿಗೆ ಆಟೋ ತಂದು ನಿಲ್ಲಿಸಿ ಎರಡು ಪಾಸು ಕೈಗಿಟ್ಟಾಗ ಅವನು ಅಲ್ಲೇ ಕೌದಿ ಎಳೆದುಕೊಂಡು ಮಲಗಿದ. ಶಿರಹಟ್ಟಿಯಲ್ಲಿ ಶಾಲೆಯ ಟೀಚರಾಗಿದ್ದ ಮಗಳು ಯಾರಿಗೂ ಹೇಳದೆ ತಂದಿದ್ದಳು. ಗದಗಿನಲ್ಲಿ ಲಾಡಸಾಬರ ಗಾಯನ, ಮೊದಲ ಸಾಲು.

"ನಿಮ್ಮ ಲಗ್ನಕ್ಕ ಇಪ್ಪತ್ತೈದು ತುಂಬಿದ್ವು, ಅದಕ್ಕ" ಎಂದಳು. "ಅಪ್ಪಾ, ಇಷ್ಟು ವರ್ಷ ಹಿಂದ ಕುಂತು ನುಡಿಸಿದಿ. ಒಂದಿನ ಅವ್ವನ ಬಾಜೂಕ ಕುಂತು ಕೇಳು."

"ನನಗ ನೂರಾ ಎಂಟು ಡಿಗ್ರಿ ಜ್ವರ ಐತಿ."

"ಅಷ್ಟಿದ್ರ ಮನಿಗೆ ಬೆಂಕಿ ಹತ್ತತಿತ್ತು. ಏಳ್ರಿ" ಎಂದಳು ಸಾವಕ್ಕ. ಅವಳು ಆಗಲೇ ಟ್ರಂಕು ತೆರೆದು ಒಂದು ಶಲ್ಯ ಹೊರಗೆ ತೆಗೆದಿದ್ದಳು. ಬಿಳಿಯ ಮೈ, ಹಸಿರು ಅಂಚು. ಕ್ಷಮಿಸಿದ ವರ್ಷ ನೇಯ್ದದ್ದು. "ಉಸ್ತಾದರಿಗೆ ಕೊಡತೀನಿ. ನಮ್ಮವ್ವನ ಮಣ್ಣಿಗೆ ನೀವು ತಪ್ಪಿದ ಸಿಟ್ಟು ಅವರ ಮ್ಯಾಲಿಲ್ಲ ಅಂತ ಅವರಿಗೂ ತಿಳೀಲಿ."

ಸಭಾಗೃಹದಲ್ಲಿ ಲಾಡಸಾಬರ ಹಿಂದೆ ಇಬ್ಬರು ಹುಡುಗಿಯರು ತಂಬೂರಿ ಹಿಡಿದು ಕೂತಿದ್ದರು. "ಇವತ್ತ ನಾ ರಜಾ ಅಂತ ಅವರನ್ನ ಕೂಡಿಸ್ಯಾರ" ಎಂದು ಗವಿಸಿದ್ದೇಶ ಪಿಸುಗುಟ್ಟಿದ. ವೇಗದ ಲಯದ ದ್ರುತ್ ಚೀಜು ಶುರುವಾದಾಗ, ಬಲ್ಲವನೆಂದು ತೋರಿಸಲು, ತೊಡೆಯ ಮೇಲೆ ತಾಳ ಹಾಕತೊಡಗಿದ. ಹದಿನಾರು ಮಾತ್ರೆಯ ತೀನ್‌ತಾಳ. ನಡುವೆ ಒಂದು ಕಡೆ ಪೆಟ್ಟು ಇಲ್ಲ, ಅಂಗೈ ಮೇಲೆ ಮಾಡಿ ಖಾಲಿ ಬಿಡಬೇಕು. ಸಾಲಿನ ಎಲ್ಲರ ಅಂಗೈ ಹೂವಿನಂತೆ ತೆರೆದುಕೊಂಡಲ್ಲೇ ಗವಿಸಿದ್ದೇಶನ ಕೈ ಧಪ್ಪೆಂದು ಬಿತ್ತು. ಮುಂದಿನ ಸುತ್ತಿಗೂ ಬಿತ್ತು. ಸೀರೆಯ ಅಂಚಿಗೆ ಹದಿನಾರೆಳೆಗೊಮ್ಮೆ ಬಣ್ಣ ಬದಲಿಸುತ್ತ ಬಂದ ಸಾವಕ್ಕನಿಗೆ ರಾಗ ಗೊತ್ತಿರಲಿಲ್ಲ, ಎಣಿಕೆ ಗೊತ್ತಿತ್ತು. ನಾಲ್ಕನೆಯ ಸುತ್ತಿಗೆ ಅವಳು ಗಂಡನ ಕೈಯನ್ನೇ ನೋಡುತ್ತಿದ್ದಳು.

ಮಧ್ಯಂತರದಲ್ಲಿ ಅವಳು ಶಲ್ಯ ಹಿಡಿದು ಎದ್ದಳು.

"ನಡಕ ಹೋಗಿ ಮಾತಾಡಿಸಬಾರದು, ಕಂಠ ಕೆಡತೈತಿ" ಎಂದ.

"ಅವರದೋ, ನಿಮ್ಮದೋ?"

ವೇದಿಕೆಯ ಹಿಂದಿನ ಕೋಣೆಯಲ್ಲಿ ಲಾಡಸಾಬರು ಬಿಸಿನೀರು ಕುಡಿಯುತ್ತಿದ್ದರು. ಸಾವಕ್ಕ ಕಾಲು ಮುಟ್ಟಿ, ಶ್ರಾವಣದ ಆ ದಿನದ ಕತೆ ಹೇಳಿದಳು. ಮುದುಕ ಹಣೆ ಗಂಟು ಹಾಕಿ ಕೇಳಿದರು.

"ಆರು ವರ್ಷದ ಹಿಂದಿನ ಶ್ರಾವಣ ಏನವ್ವಾ? ಆವಾಗ ನನ್ನ ಗಂಟಲ ಆಪರೇಶನ್ ಆಗಿತ್ತು. ಇಡೀ ತಿಂಗಳು ಚೀಟಿ ಬರದು ಚಾ ಕೇಳೇನಿ." ಆಮೇಲೆ ಬಾಗಿಲ ಮರೆಯಲ್ಲಿ ನಿಂತವನನ್ನು ಕಂಡು ಅವರ ಮುಖ ಅರಳಿತು. "ಅರೆ, ಇವರು ನಿನ್ನ ಗಂಡ್ರೇನು? ನಮಗ ಜಮಖಾನಿ ಹಾಸತಾರ. ಭಾಳ ಚೊಲೊ ಹಾಸತಾರ, ಒಂದ ನಿರಿಗಿ ಇರೂದಿಲ್ಲ."

ಅವರು ಹೊಗಳಿದ್ದರು. ಗವಿಸಿದ್ದೇಶನನ್ನು ಒಬ್ಬ ದೊಡ್ಡ ಹಾಡುಗಾರ ಹೊಗಳಿದ್ದು ಅದೇ ಮೊದಲು.

ಸಾವಕ್ಕ ಶಲ್ಯವನ್ನು ಲಾಡಸಾಬರ ಕೈಯಲ್ಲಿಟ್ಟಳು. "ಇರಲಿ, ಇಟ್ಕೊಳ್ರಿ. ನಿಮ್ಮ ಹೆಸರಲೇ ನೇದದ್ದು, ಮತ್ಯಾರಿಗೂ ಕೊಡಾಕ ಬರೂದಿಲ್ಲ."

ಗಂಡ ಹೆಂಡತಿ ತಿರುಗಿ ಬಂದು ತಮ್ಮ ಜಾಗದಲ್ಲಿ ಕೂತರು. ತಬಲಾದವನು ಸುತ್ತಿಗೆಯಿಂದ ಶ್ರುತಿ ಸರಿಮಾಡುತ್ತಿದ್ದ. ಅವಳು ವೇದಿಕೆಯ ಕಡೆ ನೋಡುತ್ತಲೇ ಕೇಳಿದಳು.

"ತಂಬೂರಿ?"

"ಗವಸಣಿಗಿ ಚೀಲದ ಸುದ್ದಾ ಎತ್ತಿ ವೇದಿಕಿ ಮ್ಯಾಲ ಇಟ್ಟೀನಿ. ಅಷ್ಟ."

"ಅವತ್ತ ಎಲ್ಲಿದ್ರಿ?"

"ಅವತ್ತ ಮುಂಡರಗಿ ರೋಡಿಗೆ ನೂರಾರು ಮರ ಬಿದ್ದು…" ಎಂದು ಶುರುಮಾಡಿದ. ಅವಳು ತಿರುಗಿ ನೋಡಲಿಲ್ಲ, ತಡೆಯಲೂ ಇಲ್ಲ. ಮರಗಳು ಅಷ್ಟಕ್ಕೇ ನಿಂತವು.

"ಮುಂಡರಗಿಗೆ ಬಂದಿದ್ದೆ" ಎಂದ. "ಬಸ್ಟ್ಯಾಂಡ್ ಹೋಟೆಲಿನಾಗ ಕುಂತೆ. ನಿಮ್ಮವ್ವ ಬೀಗರ ಮುಂದ ನನಗ ಜಮಖಾನಿ ಹಾಸಾಂವ ಅಂದಿದ್ಲು. ಅಕಿಗೆ ಹೆಗಲ ಕೊಡಬಾರದು ಅಂತ ಕುಂತೆ."

"ಎಷ್ಟೊತ್ತು?"

"ಮಣ್ಣಿನ ಹಲಗಿ ಸಪ್ಪಳ ನಿಲ್ಲೂತನಕ."

ಲಾಡಸಾಬರು ಹೆಗಲ ಮೇಲೆ ಹಸಿರು ಅಂಚಿನ ಶಲ್ಯ ಹಾಕಿಕೊಂಡು ಬಂದು ಕೂತರು. ಜನ ಚಪ್ಪಾಳೆ ತಟ್ಟಿದರು. ಸಾವಕ್ಕನೂ ತಟ್ಟಿದಳು.

"ಕುಂತು ಏನು ಮಾಡಿದ್ರಿ?"

"ಮಿರ್ಚಿ ತಿಂದೆ."

"ಎಷ್ಟು?"

ಜೀವನದಲ್ಲಿ ಯಾವ ಸಂಖ್ಯೆಯನ್ನೂ ಅದರ ಪಾಡಿಗೆ ಬಿಟ್ಟವನಲ್ಲ ಗವಿಸಿದ್ದೇಶ. ಬಾಯಿಗೆ ಬಂದ ನೂರನ್ನು ನುಂಗಿದ. ಐವತ್ತನ್ನೂ ನುಂಗಿದ.

"ಎರಡು" ಎಂದ. "ಒಂದು ಚಾ."