ಪೂರ್ತಿ ಕೆಟ್ಟ ಮೇಲೆ ತನ್ನಿ

ರಿಪೇರಿ ಮಾವನ ತಲೆ ತಿನ್ನುತ್ತಿದ್ದದ್ದು ಒಂದೇ ಜಾತಿಯ ಫ್ಯಾನು, ಮಿಕ್ಸಿ, ರೇಡಿಯೋಗಳು: ಮನೆಯಲ್ಲಿ ಕೈಕೊಟ್ಟು, ಅಂಗಡಿಗೆ ತಂದರೆ ಏನೂ ಆಗೇ ಇಲ್ಲವೆನ್ನುವ ಹಾಗೆ ನಡೆಯುವಂಥವು. ಅಂಥವನ್ನು ತಂದವರಿಗೆ ಅವನು ಆಯುಷ್ಯವಿಡೀ ಒಂದೇ ಮಾತು ಹೇಳಿ ಕಳಿಸಿದ್ದ: “ಈಗ ಬಿಚ್ಚಿದ್ರೆ ಏನೂ ಸಿಗಲ್ಲ. ಪೂರ್ತಿ ಕೆಟ್ಟ ಮೇಲೆ ತನ್ನಿ.” ಅವರು ಗೊಣಗುತ್ತಾ ಹೋಗುತ್ತಿದ್ದರು. ಇದರಲ್ಲಿ ಗೊಣಗುವುದಕ್ಕೇನಿದೆ ಎಂದು ಅವನಿಗೆ ಎಂದೂ ಅರ್ಥವಾಗಿರಲಿಲ್ಲ.

ಆಪರೇಷನ್ ಮಾಡಿ ಅವನ ಪ್ರಾಸ್ಟೇಟ್ ಗ್ರಂಥಿ ತೆಗೆದು ಕೆಲವು ವರ್ಷಗಳಾಗಿದ್ದವು. ಕ್ಯಾನ್ಸರ್ ಬೇರುಸಹಿತ ಹೋಯಿತೆಂದು ಮನೆಯವರೆಲ್ಲ ಅದನ್ನು ಮರೆತೂ ಆಗಿತ್ತು. ಈಗ ನೋಡಿದರೆ, ಸೊನ್ನೆಗೆ ಅಂಟಿಕೊಂಡಿದ್ದ ರಕ್ತಪರೀಕ್ಷೆಯ ಅಂಕಿ ಮೆಲ್ಲಗೆ ಮೇಲೆ ಸರಿಯುತ್ತಿತ್ತು.

“ಎಲ್ಲೋ ಒಂಚೂರು ಉಳ್ಕೊಂಡಿದೆ,” ಎಂದರು ಡಾಕ್ಟರಮ್ಮ.

“ಎಲ್ಲಿ?”

“ಅದೇ ಗೊತ್ತಿಲ್ಲ. ಮಾಮೂಲಿ ಸಿಟಿ ಸ್ಕ್ಯಾನು, ಮೂಳೆ ಸ್ಕ್ಯಾನಲ್ಲಿ ಇಷ್ಟು ಸಣ್ಣದು ಕಾಣೋದು ಕಷ್ಟ. ಹೊಸ ಪೆಟ್ ಸ್ಕ್ಯಾನ್ ಇದೆ. ಇಂಜೆಕ್ಷನ್ ಕೊಟ್ರೆ ಔಷಧಿ ಹೋಗಿ ಅದಕ್ಕೇ ಅಂಟ್ಕೊಂಡು ಹೊಳೆಯುತ್ತೆ. ಅದ್ರಲ್ಲೂ ನಿಮ್ಮಷ್ಟು ಕಮ್ಮಿ ಅಂಕಿ ಇರೋರಿಗೆ ಎಷ್ಟೋ ಸಲ ಏನೂ ಕಾಣಲ್ಲ. ಇನ್ನೊಂಚೂರು ಏರಲಿ ಅಂತ ಕಾದ್ರೆ ಚೆನ್ನಾಗಿ ಕಾಣ್ಬಹುದು.”

ಮಾವ ಕೆಂಡವಾದ. “ಅಂದ್ರೆ ಪೂರ್ತಿ ಕೆಟ್ಟ ಮೇಲೆ ಬಾ ಅಂತೀರಾ?”

“ನೀವು ಹೇಳಿದ್ರೆ ಸರಿ, ಅವರು ಹೇಳಿದ್ರೆ ತಪ್ಪೇನ್ರೀ?” ಎಂದಳು ಪಕ್ಕದಲ್ಲಿ ಕೂತಿದ್ದ ಹೆಂಡತಿ.

ಡಾಕ್ಟರಮ್ಮ ನಗಲಿಲ್ಲ. “ತುಂಬಾ ಕಾದ್ರೆ ರೇಡಿಯೇಷನ್‌ಗೆ ಒಳ್ಳೇ ಸಮಯ ಕೈತಪ್ಪುತ್ತೆ. ಕಾಣದಿದ್ರೂ ಆಪರೇಷನ್ ಆದ ಜಾಗಕ್ಕೆ ಅಂದಾಜಿನ ಮೇಲೆ ಕೊಡ್ಬಹುದು.”

“ಅಂದಾಜಿನ ಮೇಲೆ ನಾನು ಫ್ಯೂಸ್ ಕೂಡ ಬದಲಾಯ್ಸಿಲ್ಲ ಡಾಕ್ಟ್ರೇ. ಹೊಸ ಸ್ಕ್ಯಾನೇ ಆಗ್ಲಿ, ಈಗ್ಲೇ ಆಗ್ಲಿ.”

ಅಂದಿನಿಂದ ಗಂಡ ಹೆಂಡಿರ ಹಾರೈಕೆಗಳು ಒಂದಕ್ಕೊಂದು ಬೆನ್ನು ತಿರುಗಿಸಿ ಕೂತವು.

“ಏನೂ ಕಾಣದೇ ಇರ್ಲಪ್ಪ,” ಎನ್ನುವಳು ಅವಳು.

“ಕಾಣ್ಲಿ. ಒಂದೇ ಕಡೆ ಕಾಣ್ಲಿ.”

“ಥೂ, ಬಿಡ್ತು ಅನ್ನಿ!”

“ಕಾಣ್ದೇ ಇದ್ರೆ ಹೋಯ್ತು ಅಂತಲ್ಲ ಕಣೇ. ಬಚ್ಚಿಟ್ಕೊಂಡಿದೆ ಅಂತ.”

ಸ್ಕ್ಯಾನಿನ ದಿನ ಯಂತ್ರದವನು, “ಮೂತ್ರ ಪೂರ್ತಿ ಖಾಲಿ ಮಾಡ್ಕೊಂಡು ಬನ್ನಿ ಸಾರ್,” ಎಂದ.

“ಆಪರೇಷನ್ ಆದ್ಮೇಲೆ ಅದು ನನ್ನ ಕೇಳಿ ಹೋಗ್ತಿಲ್ಲ ಕಣಪ್ಪ,” ಎಂದ ಮಾವ.

ಮರುದಿನ ಡಾಕ್ಟರಮ್ಮ ಪರದೆಯನ್ನು ಅವರ ಕಡೆ ತಿರುಗಿಸಿದರು. ಕೆಳಹೊಟ್ಟೆಯ ಬಲಗಡೆ, ಸಣ್ಣದೊಂದು ಗಂಟಿನಲ್ಲಿ ಚುಕ್ಕೆ ಹೊಳೆಯುತ್ತಿತ್ತು. ಬೇರೆಲ್ಲೂ ಏನೂ ಕಂಡಿರಲಿಲ್ಲ.

“ಸಿಕ್ತು!” ಮಾವನ ಕೂಗು ಬಾಗಿಲಾಚೆ ಕೇಳಿಸಿತು. ಅಲ್ಲಿ ಸರದಿಗೆ ಕೂತಿದ್ದ ಮುದುಕನೊಬ್ಬ ಇಣುಕಿ, “ವಾಸಿಯಾಯ್ತಾ? ಒಳ್ಳೇದಾಯ್ತು ಬಿಡಿ,” ಎಂದು ಕೈ ಚಾಚಿದ.

“ಇಲ್ಲ, ಇದೆ! ಒಂದೇ ಇದೆ!” ಎಂದು ಮಾವ ಆ ಕೈ ಹಿಡಿದು ಕುಲುಕಿದ. ಮುದುಕ ಮೆಲ್ಲಗೆ ಕೈ ಬಿಡಿಸಿಕೊಂಡು ತನ್ನ ಜಾಗಕ್ಕೆ ಹೋದ.

ಹೆಂಡತಿಯ ಕಣ್ಣಲ್ಲಿ ನೀರು ತುಂಬಿತ್ತು. ಎದ್ದು ಪರದೆಯ ಹತ್ತಿರ ಹೋಗಿ ಬಗ್ಗಿ ನೋಡಿದಳು.

“ಇಷ್ಟೇನಾ?”

“ಸದ್ಯಕ್ಕೆ ಇಷ್ಟೇ ಅಮ್ಮ.”

“ಮುಖ ತೋರ್ಸೋಕೆ ಇಷ್ಟೊಂದು ಬಿಂಕನಾ ನಿಂಗೆ?” ಎಂದು ಅವಳು ಚುಕ್ಕೆಯನ್ನೇ ಗದರಿದಳು. ಆಮೇಲೆ ಮೂಗು ಒರೆಸಿಕೊಂಡು, “ಚಿಕಿತ್ಸೆ ಯಾವತ್ತಿಂದ ಶುರು ಮಾಡ್ತೀರ?” ಎಂದು ಕೇಳಿದಳು.

ಅಲ್ಲಿಯವರೆಗೆ ನಗುತ್ತಾ ನಿಂತಿದ್ದ ಮಾವ ಆಗ ಬಾಗಿಲಿನ ಚೌಕಟ್ಟನ್ನು ಹಿಡಿದುಕೊಂಡ.

“ಕೂತ್ಕೊಳ್ಳಿ,” ಎಂದು ಅವಳು ಕುರ್ಚಿ ಎಳೆದಳು.