ಚನ್ನೇಶನ ಪಾಸ್‌ವರ್ಡೂ ಅಕ್ಕನ ರಾಗಿಯೂ

“ನಿನ್ ಪಾಸ್‌ವರ್ಡನ್ನ ಉಪ್ಪಿನಕಾಯಿ ಹಾಕ್ಕೊಂಡು ನೆಕ್ಕು ಹೋಗ್ಲಾ,” ಎಂದೆ ಚನ್ನೇಶನಿಗೆ.

ಅವನು ಕುರ್ಚಿ ಬಿಟ್ಟು ಏಳಲಿಲ್ಲ. ತುಮಕೂರಿನ ನಮ್ಮ ರೈತ ಸಂಘದ ಕಚೇರಿಯ ಕಂಪ್ಯೂಟರ್‌ಗಳಿಗೆಲ್ಲ ಅವನೇ ಅಡ್ಮಿನ್. ಅವನ ಪಾಸ್‌ವರ್ಡ್ ಇಲ್ಲದೆ ಹೊಸದೇನನ್ನೂ ಹಾಕಲಾಗದು ಎಂದು ನಾವೆಲ್ಲ ನಂಬಿದ್ದೆವು. ನಾನು ಹವಾಮಾನ ವಿಭಾಗದವನು. ಬೆಂಗಳೂರಿನಿಂದ ಬರುವ ಮಳೆಯ ಡೇಟಾವನ್ನು ಒಂದು ಸಾಫ್ಟ್‌ವೇರ್ ಹಿಡಿದು ಗುಬ್ಬಿ, ಕುಣಿಗಲ್ ಕೇಂದ್ರಗಳಿಗೆ ಹಂಚುತ್ತದೆ. ಅಲ್ಲಿಂದ ಹೋಬಳಿವಾರು ರೈತರ ಮೊಬೈಲಿಗೆ ಹೋಗುತ್ತದೆ. ಆ ಬೆಳಿಗ್ಗೆಯಿಂದ ಬೆಂಗಳೂರಿನವರು ಹಳೇ ವರ್ಶನ್ನಿಗೆ ಡೇಟಾ ಕೊಡುವುದನ್ನು ನಿಲ್ಲಿಸಿದ್ದರು. ಹೊಸದನ್ನು ಹಾಕಿಕೊಡು ಎಂದರೆ ಚನ್ನೇಶ ಒಪ್ಪುತ್ತಿರಲಿಲ್ಲ.

ಇತ್ತ ಹುಲಿಯೂರುದುರ್ಗದಲ್ಲಿ ನನ್ನ ಅಕ್ಕ ನರಸಿಂಹಮ್ಮ, ಬಸ್ಸು ಲಾರಿ ಮೇಲೆ ಹರಿದು ಕಾಳು ಉದುರಲಿ ಎಂದು ವರ್ಷದ ರಾಗಿಯನ್ನೆಲ್ಲ ತೆನೆಸಮೇತ ಟಾರು ರಸ್ತೆಗೆ ಹರಡಿಸಿದ್ದಳು. ಹಿಂದಿನ ದಿನದ ಡೇಟಾ ನೋಡಿ ಹರಡು ಎಂದವನು ನಾನೇ. ಈಗ ಮೋಡ ಕಟ್ಟಿತ್ತು. ಬಾಚಿಸಲೋ ಬೇಡವೋ ಎಂದು ಅವಳು ಫೋನಿನ ಮೇಲೆ ಫೋನು ಮಾಡುತ್ತಿದ್ದಳು. ಮೊಬೈಲ್ ನೋಡಿದರೆ ಇಡೀ ಜಿಲ್ಲೆಗೆ ಒಂದೇ ಮೋಡದ ಚಿತ್ರ. ಸುಮ್ಮನೆ ಬಾಚಿಸಿದರೆ ಆಳುಗಳ ದುಡಿಮೆ ದಂಡ, ಬಿಟ್ಟರೆ ರಾಗಿ ಮೊಳಕೆ.

ಚನ್ನೇಶನ ಹಟಕ್ಕೆ ಕಾರಣ ಬೇರೆಯೇ ಇತ್ತು. ನನ್ನ ಮಗಳ ಮದುವೆಯಾದ ಮೇಲೆ ಗುಬ್ಬಿಯಲ್ಲಿ ಬೀಗರೂಟ ಹಾಕಿಸಿದಾಗ ನಾನು ಅವನನ್ನು ಕರೆದಿರಲಿಲ್ಲ. ಲಿಂಗ ಕಟ್ಟಿದ ಮನೆಯವನನ್ನು ಮಟನ್ನಿನ ಪಂಕ್ತಿಗೆ ಕರೆಯುವುದು ಮರ್ಯಾದೆಯಲ್ಲ ಎಂದು ಬಿಟ್ಟಿದ್ದೆ. ಅದನ್ನೇ ಹೇಳಿದೆ.

“ಒಂದ್ ಎಲೆಗೆ ಕೋಸಂಬರಿ, ತಿಳಿಸಾರು ಮಾಡ್ಸಕ್ಕಾಗ್ತಿರ್ಲಿಲ್ವಾ ಕದರಯ್ಯೋರೇ? ಆಫೀಸಿಗೆಲ್ಲ ಹೇಳಿ ನನ್ನೊಬ್ಬನ್ನೇ ಬುಟ್ರಿ,” ಎಂದವನು, ಅರ್ಜಿ ಕೊಡಿ ಸೋಮವಾರ ನೋಡೋಣ ಎಂದು ಟೀ ಕುಡಿಯಲು ಹೋದ.

ನನ್ನ ಜೊತೆ ಕೆಲಸ ಮಾಡುವ ಪೂಜಾ ಅಷ್ಟು ಹೊತ್ತೂ ಪರದೆ ನೋಡುತ್ತಿದ್ದಳು.

“ಸಾರ್, ಈ ಸಾಫ್ಟ್‌ವೇರ್ ಇರೋದು ನಮ್ ಲಾಗಿನ್ ಫೋಲ್ಡರಲ್ಲೇ. ಹಳೇದರ ಪಕ್ಕದಲ್ಲೇ ಹೊಸದು ಹಾಕ್ಬೋದು. ಗುಬ್ಬಿ, ಕುಣಿಗಲ್‌ಗೆ ಡೇಟಾ ಹೋಗ್ತಿದ್ದ ಹಳೇ ಬಾಗ್ಲಿಗೆ, ಅಂದ್ರೆ ಪೋರ್ಟ್ ನಂಬರಿಗೆ, ಮಾತ್ರ ಅಡ್ಮಿನ್ ಬೇಕು. ನಾವು ಬೇರೆ ಬಾಗ್ಲು ಇಟ್ಕೊಳಾಣ. ದೊಡ್ ನಂಬರಿನ ಬಾಗ್ಲುಗಳಿಗೆ ಯಾರ್ ಅಪ್ಪಣೆನೂ ಬೇಕಿಲ್ಲ.”

ಇಷ್ಟು ದಿನ ಬಾಯಿಗೇನು ಕಡುಬು ತುರುಕಿಕೊಂಡಿದ್ದೆಯಾ ಎಂದು ರೇಗಿದೆ. ಯಾರೂ ಕೇಳಲಿಲ್ಲವಲ್ಲ ಎಂದಳು. ಕಾರ್ಯದರ್ಶಿ ಮಹಾಲಿಂಗಯ್ಯನವರಿಗೆ ಫೋನ್ ಮಾಡಿ ಒಪ್ಪಿಗೆ ಪಡೆದೆ. ಅವಳು ಹೊಸ ವರ್ಶನ್ ಹಾಕಿದಳು. ಗುಬ್ಬಿಗೂ ಕುಣಿಗಲ್ಲಿಗೂ ಹೊಸ ನಂಬರನ್ನು ನಾನೇ ಕೂಗಿ ಹೇಳಿದೆ. ಗುಬ್ಬಿ ತಕ್ಷಣ ಹಿಡಿಯಿತು. ಕುಣಿಗಲ್ಲಿನ ಗೋವಿಂದರಾಜು ಎರಡು ಸಲ ತಪ್ಪು ಒತ್ತಿ ನನ್ನಿಂದ ಬೈಸಿಕೊಂಡ ಮೇಲೆ ಅದೂ ಹಿಡಿಯಿತು. ಹೊಸ ಡೇಟಾದಲ್ಲಿ ಹುಲಿಯೂರುದುರ್ಗ ಹೋಬಳಿಗೆ ಮಧ್ಯಾಹ್ನವೇ ಜೋರು ಮಳೆ ಎಂದಿತ್ತು.

ಅಕ್ಕನಿಗೆ ಬಾಚಿಸು ಎಂದೆ.

“ನೆನ್ನೆ ಹರಡು ಅಂದೆ, ಇವತ್ತು ಬಾಚು ಅಂತೀಯ. ನಿಂಗೆ ಒಂದ್ ಮಾತು ಅನ್ನೋದಿಲ್ವೇನ್ಲಾ?”

ಬೈದರೂ ಬಾಚಿಸಿದಳು. ಊಟದ ಹೊತ್ತು ಕಳೆದ ಮೇಲೆ ಮತ್ತೆ ಅವಳ ಫೋನು ಬಂತು. ಫೋನನ್ನು ಹೊರಗೆ ಹಿಡಿದಿದ್ದಳು. ಶೀಟಿನ ಮೇಲೆ ಮಳೆ ಬೀಳುವ ಸದ್ದು. ಆಮೇಲೆ, “ರಾಗಿ ಒಳಗೈತೆ ಕಣೋ,” ಎಂದು ನಕ್ಕಳು.

ಅದೇ ಹೊತ್ತಿಗೆ ಚನ್ನೇಶ ಬಂದ. ಪರದೆ ನೋಡಿ, ಪಾಸ್‌ವರ್ಡ್ ಕೊಟ್ಟವರು ಯಾರು ಎಂದ. ಅದು ಬೇಕಾಗಲೇ ಇಲ್ಲ ಎಂದಳು ಪೂಜಾ. ಅಕ್ಕನ ನಗು ಕೇಳಿ ನನ್ನ ಸಿಟ್ಟೂ ಇಳಿದಿತ್ತು. ಭಾನುವಾರ ಮನೆಗೆ ಬಾ, ನಿನ್ನೊಬ್ಬನಿಗೇ ಎಲೆ ಹಾಕಿಸಿ ಕೋಸಂಬರಿ ಬಡಿಸುತ್ತೇನೆ ಎಂದೆ.

“ನಾನಿಲ್ದೇನೇ ನಡೆಯುತ್ತೆ ಅಂದ್ಮೇಲೆ ನಾನ್ಯಾಕೆ?” ಎಂದು ಅವನು ಟಿಫನ್ ಡಬ್ಬಿ ಎತ್ತಿಕೊಂಡ.

ತುಮಕೂರಿಗೂ ಮಳೆ ಇದೆ, ಕೊಡೆ ಗೋಡೆಯ ಮೊಳೆಯಲ್ಲೇ ಬಿಟ್ಟಿರಿ ಎಂದು ಪೂಜಾ ಬಾಗಿಲವರೆಗೆ ಹೋಗಿ ಕೂಗಿದಳು. ಅವನು ತಿರುಗಿ ನೋಡಲಿಲ್ಲ. ಗೇಟು ದಾಟುವಷ್ಟರಲ್ಲಿ ಹನಿ ಶುರುವಾಯಿತು. ಡಬ್ಬಿಯನ್ನು ತಲೆಯ ಮೇಲೆ ಹಿಡಿದುಕೊಂಡು ನಡೆದೇ ಹೋದ. ಮತ್ತೆ ಕಚೇರಿಯತ್ತ ಬರಲೇ ಇಲ್ಲ, ಕೊಡೆಗೂ.